ಮೂರು ಜೋಡಿ ಬುಕ್‌ಶೆಲ್ಫ್ ಸ್ಪೀಕರ್, ಚಿಕ್ಕಮಗಳೂರಿನ ಚಳಿ, ಹಾಸನದ ಟೈಲ್ಸ್

ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನ ಹೆಂಚಿನ ಮನೆಯ ಹಾಲ್ 15 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಆಗ ಆಂಪ್ (ಆಂಪ್ಲಿಫೈಯರ್) ಆನ್ ಮಾಡಿ ತಕ್ಷಣ ಹಾಡು ಹಾಕಿದರೆ ಧ್ವನಿ ಬಿಗಿದುಕೊಂಡಂತಿದೆ ಅನಿಸುತ್ತದೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಸಡಿಲವಾಗುತ್ತದೆ. 'ಸ್ಪೀಕರ್ ಬೆಚ್ಚಗಾಯಿತು' ಅನ್ನುವುದು ವಾಡಿಕೆ. ಅದರಲ್ಲಿ ಸ್ಪೀಕರಿನ ಪಾಲು ಎಷ್ಟು, ಆಂಪಿನದೆಷ್ಟು, ಕಿವಿಯದೆಷ್ಟು ಅಂತ ಬಿಡಿಸಿ ನೋಡಿದರೆ ಸ್ಪೀಕರಿಗೆ ಸಿಗುವುದು ಚೂರೇ ಚೂರು.

ಹೋಲಿಕೆಗೆ ಇಟ್ಟದ್ದು ಮೂರು ಜೋಡಿ ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಸ್ಟ್ಯಾಂಡಿನ ಮೇಲೆ ಇಡುವ ಚಿಕ್ಕ ಡಬ್ಬಗಳು: ಕೆಇಎಫ್ ಎಲ್‌ಎಸ್50 ಮೆಟಾ, ಹಾರ್ಬೆತ್ ಪಿ3ಇಎಸ್‌ಆರ್, ಡೈನಾಡಿಯೋ ಸ್ಪೆಷಲ್ ಫಾರ್ಟಿ. ಎರಡು ಕೋಣೆ: ಚಿಕ್ಕಮಗಳೂರಿನಲ್ಲಿ 14×10 ಅಡಿಯ, ಮರದ ಮುಚ್ಚಿಗೆ ಇರುವ ಹಳೆಯ ಹಾಲ್, ಹಾಸನದಲ್ಲಿ 12 ಅಡಿ ಉದ್ದದ ಆರ್‌ಸಿಸಿ ಕೋಣೆ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಆಂಪ್ ಎರಡೂ ಕಡೆ ಒಂದೇ.

ಮೊದಲು ವಾಲ್ಯೂಮ್ ಸರಿದೂಗಿಸಬೇಕು. ಸೆನ್ಸಿಟಿವಿಟಿ (ಒಂದೇ ಸಿಗ್ನಲಿಗೆ ಎಷ್ಟು ಜೋರು ಎಂಬ ಅಳತೆ) ಹಾರ್ಬೆತ್‌ನದು 83.5 ಡಿಬಿ, ಕೆಇಎಫ್‌ನದು 85, ಡೈನಾಡಿಯೋದು 86. ವಾಲ್ಯೂಮ್ ನಾಬ್ ಮುಟ್ಟದೆ ವೈರ್ ಮಾತ್ರ ಬದಲಿಸಿದರೆ ಡೈನಾಡಿಯೋ ಹಾರ್ಬೆತ್‌ಗಿಂತ ಎರಡೂವರೆ ಡಿಬಿ ಜೋರು, ಜೋರಾಗಿದ್ದದ್ದೇ ಕಿವಿಗೆ ಚೆನ್ನ. ಪಿಂಕ್ ನಾಯ್ಸ್ (ಎಲ್ಲ ಸ್ವರ ಬೆರೆತ, ಸೋ ಎನ್ನುವ ಪರೀಕ್ಷೆಯ ಸದ್ದು) ಹಾಕಿ, ಕೂರುವ ಜಾಗದಲ್ಲಿ ಮೊಬೈಲಿನ ಡಿಬಿ ಮೀಟರ್ ಇಟ್ಟು, ಅರ್ಧ ಡಿಬಿ ಒಳಗೆ ತಂದ ಮೇಲೇ ಕೇಳಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಹೆಂಚಿನ ಮೇಲೆ ಮಳೆ ಬೀಳುವಾಗ ತಂಬೂರಿಯ ಝೇಂಕಾರವೇ ಕೇಳಿಸದು, ಇನ್ನು ಮೂರು ಸ್ಪೀಕರಿನ ವ್ಯತ್ಯಾಸ ಎಲ್ಲಿ ಕೇಳಿಸೀತು?

ಬೆಚ್ಚಗಾಗುವ ಪರೀಕ್ಷೆಗೆ ಸುಲಭದ ದಾರಿ ಇದೆ. ರಾತ್ರಿಯಿಡೀ ಒಂದು ಜೋಡಿಯ ಎರಡೂ ಡಬ್ಬ ತಣ್ಣಗಿರಲಿ. ಬೆಳಗ್ಗೆ ಎಡಗಡೆಯದನ್ನು ಮಾತ್ರ ಅರ್ಧ ಗಂಟೆ ಓಡಿಸಿ, ಬಲಗಡೆಯದರ ವೈರ್ ತೆಗೆದಿಡಿ. ಆಂಪ್ ಆಫ್ ಮಾಡಿ ಬಲಗಡೆಯ ವೈರ್ ಹಾಕಿ ಮತ್ತೆ ಆನ್ ಮಾಡಿ, ಎರಡನ್ನೂ ಪಕ್ಕಪಕ್ಕ ಇಟ್ಟು, ಮೊನೊದಲ್ಲಿ ಒಂದೇ ಕಂಠವನ್ನು ಬ್ಯಾಲೆನ್ಸ್ ನಾಬಿನಿಂದ ಅತ್ತಿತ್ತ ಮಾಡಿ. ಆಂಪ್ ಆಗಲೇ ಬೆಚ್ಚಗಿರುತ್ತದೆ, ಕಿವಿಯೂ ಒಗ್ಗಿರುತ್ತದೆ. ಇನ್ನೂ ವ್ಯತ್ಯಾಸ ಕೇಳಿಸಿದರೆ ಅದು ಡಬ್ಬದ್ದೇ.

ಹೀಗೆ ಕೇಳಿದಾಗ ಕೆಇಎಫ್‌ನಲ್ಲಿ ತಣ್ಣಗಿನದು ಯಾವುದು, ಓಡಿದ್ದು ಯಾವುದು ಎಂದು ಗುರುತಿಸಲು ಆಗಲಿಲ್ಲ. ಹಾರ್ಬೆತ್‌ನ 19 ಮಿಮೀ ಟ್ವೀಟರಿನ (ಮೇಲುಸ್ವರ ಹೊರಡಿಸುವ ಭಾಗ) ಕಾಯಿಲ್, ಅಂದರೆ ಅದನ್ನು ಅಲುಗಿಸುವ ತಂತಿಸುರುಳಿ, ಫೆರೋಫ್ಲೂಯಿಡ್ ಎಂಬ ಕಾಂತೀಯ ದ್ರವದಲ್ಲಿ ಮುಳುಗಿರುತ್ತದೆ. ಚಳಿಗೆ ಆ ದ್ರವ ತುಸು ಮಂದವಾಗುತ್ತದೆ. ಸ, ಶ ಅಕ್ಷರಗಳ ಅಂಚು ಮೊದಲ ಐದು ನಿಮಿಷ ಒಂಚೂರು ಮೆದು ಇತ್ತೇನೋ ಅನಿಸಿತು, ಪಣ ಕಟ್ಟಿ ಹೇಳುವಷ್ಟಲ್ಲ. ಡೈನಾಡಿಯೋದ 17 ಸೆಂಮೀ ವೂಫರ್ (ಕೆಳಸ್ವರ ಹೊರಡಿಸುವ ಭಾಗ) ಮಾತ್ರ ಕೆಳಸ್ವರದಲ್ಲಿ ಹತ್ತು ನಿಮಿಷ ತುಸು ಬಿಗಿ. ಚಳಿಗೆ ಕೋನ್ (ವೂಫರಿನ ಅಲುಗುವ ಶಂಕು) ಸುತ್ತಲಿನ ರಬ್ಬರ್ ಅಂಚೂ ಅದನ್ನು ಹಿಂದಿನಿಂದ ಹಿಡಿದಿರುವ ಸ್ಪೈಡರ್ ಬಟ್ಟೆಯೂ ಗಡುಸಾಗುತ್ತವೆ, ಕೋನ್ ಅಲ್ಲಾಡಿದಂತೆ ಸಡಿಲಗೊಳ್ಳುತ್ತವೆ. ಹಾರ್ಬೆತ್ ಪೂರ್ತಿ ಮುಚ್ಚಿದ ಡಬ್ಬ. ಅಲ್ಲಿ ಕೋನ್ ಹಿಂದಿನ ಗಾಳಿಯೇ ದೊಡ್ಡ ಸ್ಪ್ರಿಂಗು, ರಬ್ಬರಿನ ಮಾತು ಅಷ್ಟಾಗಿ ನಡೆಯುವುದಿಲ್ಲ.

'ಬಿಸಿಯಾದರೆ ಸಿಹಿಯಾಗುತ್ತದೆ' ಅನ್ನುವವರಿಗೆ ಒಂದು ಲೆಕ್ಕ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.39 ಏರುತ್ತದೆ. ಕಾಯಿಲ್ 15ರಿಂದ 25 ಡಿಗ್ರಿಗೆ ಹೋದರೆ ಶೇಕಡಾ 4, ಅಂದರೆ ಧ್ವನಿಯಲ್ಲಿ ಡಿಬಿಯ ಮೂರನೇ ಒಂದು ಪಾಲು ಇಳಿಕೆ. ಪಾರ್ಟಿ ವಾಲ್ಯೂಮಿಗೆ ಕಾಯಿಲ್ ನೂರು ಡಿಗ್ರಿ ಏರಿದರೆ ಸುಮಾರು 3 ಡಿಬಿಯೇ ಮಾಯ. ಬಿಸಿ ಕಾಯಿಲ್ ಧ್ವನಿಯನ್ನು ಕುಗ್ಗಿಸುತ್ತದೆ, ಅಷ್ಟೇ. ಬೆಳಗಿನ ಬದಲಾವಣೆಯ ದೊಡ್ಡ ಪಾಲು ಆಂಪಿನದೂ ಕಿವಿಯದೂ. ಹೀಟ್‌ಸಿಂಕ್ ಬೆಚ್ಚಗಾಗಿ ಬಯಸ್ ಕರೆಂಟ್ (ಹಾಡಿಲ್ಲದಾಗಲೂ ಆಂಪಿನೊಳಗೆ ಹರಿಯುವ ಕರೆಂಟ್) ಒಂದು ಮಟ್ಟಕ್ಕೆ ನಿಲ್ಲಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ಈಗ ಧ್ವನಿ. ಗಂಗೂಬಾಯಿ ಹಾನಗಲ್ ಅವರ ಗಡಸು ಕಂಠವನ್ನು ಹಾಕಿದಾಗ ಮೂರೂ ಬೇರೆಯಾಗಿಬಿಡುತ್ತವೆ. ಹಾರ್ಬೆತ್‌ನಲ್ಲಿ ಎದುರು ಒಬ್ಬರು ಕೂತು ಹಾಡುತ್ತಿದ್ದಾರೆ: ಉಸಿರು ತೆಗೆದುಕೊಳ್ಳುವುದು, ಗಂಟಲಿನ ಖರಖರ, ಆಮೇಲೆ ಸ್ವರ, ಎಲ್ಲ ಒಂದೇ ದೇಹದಿಂದ. ಬಿಬಿಸಿಯ ಎಲ್‌ಎಸ್3/5ಎ ಎಂಬ ಮಾನಿಟರ್ ಸ್ಪೀಕರಿನ ವಂಶದ ಡಬ್ಬ, ಮನುಷ್ಯನ ಮಾತು ಅದರ ಮನೆಮಾತು. ಅದೇ ಡಬ್ಬ ಡಗ್ಗಾದ ಗುಂಕಾರವನ್ನು ಅರ್ಧಕ್ಕೇ ನಿಲ್ಲಿಸುತ್ತದೆ. 75 ಹರ್ಟ್ಸ್‌ನ ಕೆಳಗೆ ಇಳಿಯುತ್ತಾ ಹೋಗುತ್ತದೆ. ಜಾಲರಿ ತೆಗೆಯಬೇಡಿ, ಹಾಕಿ ಕೇಳಲೆಂದೇ ಮಾಡಿದ್ದು.

ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆಗೆ ಕೆಇಎಫ್ ಸರಿ. ಮೀಟಿನ ಟಕ್ಕು, ನಂತರದ ಗಮಕದ ಎಳೆತ ಎರಡೂ ಒಂದೇ ಬಿಂದುವಿನಿಂದ ಬರುತ್ತವೆ. ಟ್ವೀಟರ್ ವೂಫರಿನ ನಡುವೆಯೇ ಕೂತಿರುವುದರಿಂದ ತಲೆ ಎತ್ತಿದರೂ ತಗ್ಗಿಸಿದರೂ ಧ್ವನಿ ಕದಲದು. ಡೈನಾಡಿಯೋದಲ್ಲಿ ಹಾಗಲ್ಲ. ಅದರ ಕ್ರಾಸ್‌ಓವರ್ (ಸ್ವರಗಳನ್ನು ಟ್ವೀಟರಿಗೂ ವೂಫರಿಗೂ ಹಂಚುವ ಸರ್ಕ್ಯೂಟ್) ಫಸ್ಟ್ ಆರ್ಡರ್, ಅಂದರೆ ನಿಧಾನವಾಗಿ ಹಂಚುವಂಥದ್ದು; 2000 ಹರ್ಟ್ಸ್ ಸುತ್ತ ಈ ಎರಡೂ ಡ್ರೈವರ್ ಬಹಳ ಅಗಲಕ್ಕೆ ಜೊತೆಯಾಗಿ ಹಾಡುತ್ತವೆ, ಎದ್ದು ನಿಂತರೆ ಬಣ್ಣ ಬದಲಾಗುತ್ತದೆ. ಕೂತು ಕೇಳಿದರೆ ಮೃದಂಗದ ಎಡಮುಖ ಎದೆಗೆ ತಟ್ಟುತ್ತದೆ. 41 ಹರ್ಟ್ಸ್ ತನಕ ಇಳಿಯುವ ಇನ್ನೊಂದು ಡಬ್ಬ ಈ ಮೂರರಲ್ಲಿಲ್ಲ.

ಆದರೆ ಆ 41 ಹರ್ಟ್ಸ್ ಕೋಣೆಗೆ ಹೊಂದಬೇಕಲ್ಲ! 562ನ್ನು (ಶಬ್ದ ಸೆಕೆಂಡಿಗೆ ಸಾಗುವ ಅಡಿಗಳ ಅರ್ಧ) ಕೋಣೆಯ ಉದ್ದದ ಅಡಿಯಿಂದ ಭಾಗಿಸಿ: 14 ಅಡಿಗೆ 40 ಹರ್ಟ್ಸ್, 12 ಅಡಿಗೆ 47. ಅಲ್ಲಿ ಕೋಣೆ ಮೊಳಗುತ್ತದೆ. ಚಿಕ್ಕಮಗಳೂರಿನ ಹಾಲಿನಲ್ಲಿ ಮುಚ್ಚಿಗೆಯ ಹಲಗೆ ತಾನೂ ಅಲುಗಿ ಆ ಮೊಳಗನ್ನು ಸ್ವಲ್ಪ ನುಂಗಿಕೊಂಡಿತು. ಹಾಸನದ ಕಾಂಕ್ರೀಟು ನುಂಗಲಿಲ್ಲ. ಡೈನಾಡಿಯೋದ ಪೋರ್ಟಿಗೆ (ಹಿಂದಿನ ಗಾಳಿತೂತು) ಜೊತೆಗೆ ಬರುವ ಸ್ಪಂಜಿನ ಬಿರಡೆ ಹಾಕಿದ ಮೇಲೇ ತಾಳ ಬಿಡಿಬಿಡಿಯಾಗಿ ಕೇಳಿಸಿದ್ದು. ಅಲ್ಲಿ ಚಪ್ಪಾಳೆ ತಟ್ಟಿದರೆ ಝಣ್ ಅನ್ನುತ್ತಿತ್ತು. ಸ್ಪೀಕರ್ ಮತ್ತು ಕುರ್ಚಿಯ ನಡುವೆ ದಪ್ಪ ಜಮಖಾನ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು, ಇಷ್ಟಕ್ಕೇ ಅರ್ಧ ಕಾಯಿಲೆ ವಾಸಿ. ಹಾಸನಕ್ಕೆ ಮೂರರಲ್ಲಿ ಒಂದೇ ಅಂದರೆ ಹಾರ್ಬೆತ್. ಚಿಕ್ಕಮಗಳೂರಿನ ಹಾಲಿಗೆ ಡೈನಾಡಿಯೋ.

ಸ್ಟ್ಯಾಂಡ್ ವಿಷಯದಲ್ಲಿ ಎಲ್ಲರೂ 24 ಇಂಚು ಕೊಳ್ಳುತ್ತಾರೆ. ಕುರ್ಚಿಯಲ್ಲಿ ಕೂತವರ ಕಿವಿ 36 ಇಂಚಿನ ಆಸುಪಾಸಿನಲ್ಲಿರುತ್ತದೆ. ಡೈನಾಡಿಯೋ ಎತ್ತರದ ಡಬ್ಬ, ಅದರ ಟ್ವೀಟರ್ ಅಲ್ಲಿಗೇ ಬರುತ್ತದೆ. ಕೆಇಎಫ್‌ನ ಟ್ವೀಟರ್ ಡಬ್ಬದ ನಡುವೆ ಇರುವುದರಿಂದ 30 ಇಂಚಿಗೇ ನಿಲ್ಲುತ್ತದೆ. ಚಾಪೆ ಹಾಸಿ ನೆಲದ ಮೇಲೆ ಕೂತು ಕೇಳುವವರಿಗೆ ಅದೇ ಸರಿಯಾದ ಎತ್ತರ.

ತೋಟದ ಲೈನಿನಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಸಾಮಾನ್ಯ ಆಂಪಿನ ಗರಿಷ್ಠ ವಾಟ್ ಶೇಕಡಾ 60ರಷ್ಟಾಗುತ್ತದೆ. ಮೊದಲು ಒಡೆಯುವುದು ಹಾರ್ಬೆತ್‌ನ ಧ್ವನಿ, ಹೆಚ್ಚು ವಾಟ್ ಬೇಡುವುದು ಅದೇ ಆದ್ದರಿಂದ. ಸ್ಟೆಬಿಲೈಸರ್ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬರಿ ತಾಮ್ರದ ವೈರ್ ತುದಿ ಹಸಿರುಗಟ್ಟುತ್ತದೆ. ಕತ್ತರಿಸಿ ಹೊಸದಾಗಿ ಸುಲಿದು ಬನಾನಾ ಪ್ಲಗ್ ಹಾಕಿ. ಕಿಟಕಿ ತೆರೆದಿಡುವ ಮನೆಯಾದರೆ ಕೆಇಎಫ್, ಡೈನಾಡಿಯೋ ಎರಡರ ಹಿಂದಿನ ತೂತಿಗೂ ಕೇಳದಿರುವಾಗ ಸ್ಪಂಜು ತುರುಕಿಡಿ. ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿದರೆ ಒಡೆದು ತೆಗೆಯುವಾಗ ಅರ್ಧ ಮಣ್ಣು ಡಬ್ಬದ ಒಳಗೇ ಬೀಳುತ್ತದೆ, ಆಮೇಲೆ ವೂಫರ್ ಬಿಚ್ಚದೆ ಅದು ಹೊರಬರುವುದಿಲ್ಲ.