ಬಿಂಬೋಪಾಸನೆಯ ಆನ್‌ಲೈನ್ ಪಾಠ: ಒಂದು ವಿಮರ್ಶೆ

ಬೆಂಗಳೂರಿನ ವಿದ್ವಾಂಸರೊಬ್ಬರು ಭಾನುವಾರ ಸಂಜೆ ಆನ್‌ಲೈನ್‌ನಲ್ಲಿ ನಡೆಸುವ ಬಿಂಬೋಪಾಸನೆಯ (ಹೃದಯದೊಳಗಿರುವ ಭಗವಂತನನ್ನು ಧ್ಯಾನಿಸುವ ಕ್ರಮದ) ಪಾಠಕ್ಕೆ ಸೇರುವವರಲ್ಲಿ ಹೆಚ್ಚಿನವರು, ಕಣ್ಣು ಮುಚ್ಚಿದೊಡನೆ ಭಗವಂತನ ರೂಪ ಮನಸ್ಸಿನಲ್ಲಿ ನಿಲ್ಲಬೇಕೆಂಬ ಆಸೆಯಿಂದ ಬರುತ್ತಾರೆ. ನಾನೂ ಹಾಗೆಯೇ ಬಂದವನು. ಆದರೆ ಆಚಾರ್ಯರು ಆರಂಭದ ವಾರಗಳಲ್ಲಿ ರೂಪದ ಮಾತನ್ನೇ ಎತ್ತದೆ, ಧ್ಯಾನಕ್ಕೆ ಕುಳಿತವನು ಯಾರು ಎಂಬುದನ್ನು ಬಿಡಿಸಿ ಹೇಳಿದರು. ಮಧ್ವಮತದಲ್ಲಿ ಹೃದಯಸ್ಥನಾದ ಶ್ರೀಹರಿಯು ಬಿಂಬ, ಜೀವನು ಪ್ರತಿಬಿಂಬ; ಜೀವನ ಇರವು, ಅರಿವು, ಚಲನೆಗಳೆಲ್ಲ ಬಿಂಬದ ಅಧೀನವಾಗಿರುವುದರಿಂದ ಧ್ಯಾನವು ಎಷ್ಟೇ ಗಾಢವಾದರೂ ಭಕ್ತನು ದೇವರಾಗುವುದಿಲ್ಲ, ಮುಕ್ತಿಯಲ್ಲಿಯೂ ದಾಸನಾಗಿಯೇ ಉಳಿಯುತ್ತಾನೆ. ಈ ಅನುಕ್ರಮವೇ ಪಾಠದ ದೊಡ್ಡ ಬಲವೆಂದು ನನ್ನ ಅಭಿಪ್ರಾಯ. ದಾಸನೆಂಬ ಅರಿವು ಗಟ್ಟಿಯಾಗದೆ ಶಂಖ, ಚಕ್ರ, ಪೀತಾಂಬರಗಳನ್ನು ಎಷ್ಟು ಕಲ್ಪಿಸಿಕೊಂಡರೂ ಅದು ಉಪಾಸನೆಯಾಗಲಾರದು.

ಪಠ್ಯ ಜಗನ್ನಾಥದಾಸರ ಹರಿಕಥಾಮೃತಸಾರ. (ಇಷ್ಟು ಗಹನವಾದ ಉಪಾಸನಾಕ್ರಮ ನಮಗೆ ಕನ್ನಡದ ಭಾಮಿನಿ ಷಟ್ಪದಿಯಲ್ಲೇ ದೊರೆತಿರುವುದು ಭಾಗ್ಯವೇ ಸರಿ.) ಅದರಲ್ಲಿ ಊಟದ ಅನುಸಂಧಾನವನ್ನು ಹೇಳುವ ಅಧ್ಯಾಯವಾದ ಭೋಜನಸಂಧಿಯ ಪಾಠವಂತೂ ಮನಸ್ಸಿನಲ್ಲಿ ಉಳಿಯುವಂತಿತ್ತು. ಎಲೆಯ ಮೇಲೆ ಅನ್ನ ಬಡಿಸಿದಾಗ ಕೇಶವನನ್ನು, ಪರಮಾನ್ನ ಬಂದಾಗ ನಾರಾಯಣನನ್ನು, ತುಪ್ಪ ಬಿದ್ದಾಗ ಗೋವಿಂದನನ್ನು ನೆನೆಯುತ್ತಾ, ಒಳಗಿದ್ದು ಉಣ್ಣುವವನೂ ಅವನೇ ಎಂದು ತಿಳಿಯುವ ಕ್ರಮವನ್ನು ಆಚಾರ್ಯರು ಒಂದೊಂದು ಪದಾರ್ಥವನ್ನೂ ಹೆಸರಿಸಿ ವಿವರಿಸಿದರು. ಆಫೀಸಿಗೆ ಒಯ್ಯುವ ಡಬ್ಬಿಯಲ್ಲಿ ಇವೆಲ್ಲ ಎಲ್ಲಿರುತ್ತವೆ ಎಂದು ಒಬ್ಬರು ಕೇಳಿದಾಗ, ಡಬ್ಬಿಯಲ್ಲಿ ಇರುವುದರಿಂದಲೇ ಆರಂಭಿಸಿ ಎಂದರು. ಶ್ವಾಸಸಂಧಿಯಲ್ಲಿ, ದಿನವೊಂದಕ್ಕೆ 21,600 ಬಾರಿ ಉಸಿರಾಟದೊಡನೆಯೇ ನಡೆಯುವ ಹಂಸಮಂತ್ರದ ಜಪವನ್ನು ಮುಖ್ಯಪ್ರಾಣನಾದ ವಾಯುದೇವನೇ ನಮ್ಮೊಳಗೆ ಮಾಡುತ್ತಿದ್ದಾನೆ ಎಂಬ ಅನುಸಂಧಾನವನ್ನೂ ಅಷ್ಟೇ ಸಮಾಧಾನದಿಂದ ತಿಳಿಸಿಕೊಟ್ಟರು.

ಕೊರತೆ ಇರುವುದು ಮಾನಸಪೂಜೆಯ ಅವಧಿಯಲ್ಲಿ. ಪಾದದಿಂದ ಮುಖದವರೆಗೆ ಒಂದೊಂದೇ ಅಂಗದಲ್ಲಿ ಮನಸ್ಸನ್ನು ನಿಲ್ಲಿಸಬೇಕಾದ ಕಡೆ ಮಾತು ಬಿಡುವಿಲ್ಲದೆ ಸಾಗುತ್ತದೆ, ಜೊತೆಗೆ ಕೊಳಲಿನ ಧ್ವನಿಮುದ್ರಣ ಬೇರೆ. ಪಾದದಲ್ಲಿ ಮನಸ್ಸು ನಿಲ್ಲುವಷ್ಟರಲ್ಲಿ ವರ್ಣನೆ ಎದೆಯ ಮೇಲಿನ ಕೌಸ್ತುಭಮಣಿಯನ್ನು ತಲುಪಿರುತ್ತದೆ. ಆ ಸಂಗೀತವನ್ನು ತೆಗೆದು, ನಡುನಡುವೆ ಮೌನಕ್ಕೆ ಎಡೆ ಕೊಡಬೇಕೆಂದು ವಿನಂತಿಸುತ್ತೇನೆ. ಮಧ್ವಾಚಾರ್ಯರ ತಂತ್ರಸಾರಸಂಗ್ರಹದ ಧ್ಯಾನಶ್ಲೋಕಗಳಿಗೆ ಪದವಿಭಾಗ ಸಹಿತವಾದ ಹಾಳೆಯೊಂದನ್ನು ಮೊದಲೇ ಕಳುಹಿಸಿದರೆ ಸಂಸ್ಕೃತ ಬಾರದವರಿಗೆ ಬಹಳ ಅನುಕೂಲವಾಗುತ್ತದೆ.

ಶುಲ್ಕ ನಿಗದಿಯಾಗಿಲ್ಲ, ಕಾಣಿಕೆ ಅವರವರ ಇಷ್ಟ. ಮನಸ್ಸಿನ ಒತ್ತಡ ಇಳಿಸಿಕೊಳ್ಳುವ ಉದ್ದೇಶವೊಂದೇ ಇದ್ದವರಿಗೆ ಈ ಪಾಠ ಭಾರವೆನಿಸಬಹುದು. ದಾಸರ ಪದಗಳನ್ನು ಹಾಡುತ್ತಾ ಬೆಳೆದು, ಅವುಗಳ ಹಿಂದಿರುವ ಉಪಾಸನೆಯನ್ನು ಅರಿಯಬೇಕೆನ್ನುವವರು ಧಾರಾಳವಾಗಿ ಸೇರಬಹುದು.