ತಿಪ್ಪೆಗೂ ದುಡ್ಡು ಕೊಟ್ಟೆ: ಮೂರು ಮಡಕೆಯ ಕಾಂಪೋಸ್ಟರ್, ಎರಡು ವರ್ಷದ ಬಳಿಕ

ತುಮಕೂರಿನ ಅಶೋಕನಗರದಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ನಾಲ್ಕು ಜನ. ಅಂಗಳ ಇಲ್ಲ, ಟೆರೇಸಿನಲ್ಲಿ ಒಂದು ಮೂಲೆ ಇದೆ. ಹಸಿ ಕಸ ಬೇರೆ ಮಾಡಿ ಕೊಡಬೇಕು ಅಂತ 2016ರಲ್ಲೇ ನಿಯಮ ಬಂದಿದೆ. ಆದರೆ ಗಾಡಿ ಒಂದು ದಿನ ಬರದಿದ್ದರೂ ಬಕೆಟ್ ನಾರುತ್ತದೆ. ಅದಕ್ಕೇ ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಲು, ಒಂದರ ಮೇಲೊಂದು ಕೂರುವ ಈ ಮಣ್ಣಿನ ಮಡಕೆಗಳನ್ನು ತರಿಸಿದೆ. ಗುಬ್ಬಿ ಕಡೆಯವರಾದ ನಮ್ಮತ್ತೆ ಪೆಟ್ಟಿಗೆ ನೋಡಿ, "ತಿಪ್ಪೆಗೂ ದುಡ್ಡು ಕೊಟ್ಯೇನೆ?" ಅಂದರು.

ಕೆಲಸ ಸುಲಭ. ಮೇಲಿನ ಮಡಕೆಗೆ ಕಸ, ಅದರ ಮೇಲೆ ಒಣ ಪುಡಿ, ಮುಚ್ಚಳ. ತುಂಬಿದರೆ ಕೆಳಗಿಳಿಸಿ, ಖಾಲಿಯದನ್ನು ಮೇಲಿಡಬೇಕು. ನಮಗೆ ಒಂದು ಮಡಕೆ ತುಂಬಲು ತಿಂಗಳು ಬೇಕು. ಸಿಪ್ಪೆಯಲ್ಲಿ ಇರುವುದು ಬಹುಪಾಲು ನೀರೇ ಅಲ್ವಾ, ಕುಗ್ಗುತ್ತಾ ಹೋಗುತ್ತದೆ.

ನಿಜವಾದ ಪರೀಕ್ಷೆ ಅವರೆಕಾಯಿ ಕಾಲದಲ್ಲಿ. ಮನೆಯಲ್ಲಿ ವಾರಕ್ಕೆ ಮೂರು ಸಲ ಹಿತಕಿದ ಬೇಳೆ ಸಾರು. ಕಾಯಿ ಸಿಪ್ಪೆ ಪರವಾಗಿಲ್ಲ. ನೆನೆಸಿ ಹಿಸುಕಿದ ಕಾಳಿನ ಸಿಪ್ಪೆಯೇ ಕಾಟ. ಒದ್ದೆ ಕಾಗದದ ಹಾಗೆ ಒಂದಕ್ಕೊಂದು ಅಂಟಿಕೊಂಡು ಗಾಳಿಗೆ ದಾರಿಯೇ ಬಿಡುವುದಿಲ್ಲ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಸಂಕ್ರಾಂತಿ ಹೊತ್ತಿಗೆ ಬೂದು ಬಣ್ಣದ ದಪ್ಪ ಹುಳಗಳು ಮುಚ್ಚಳದ ಸಂದಿಯಿಂದ ಇಳಿದು ಮೆಟ್ಟಿಲ ಮೇಲೆ ಸಾಲಾಗಿ ಹೊರಟಿದ್ದವು. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಸ ತಿಂದು ಬೆಳೆದ ಮೇಲೆ ಒಣ ಜಾಗ ಹುಡುಕಿ ಹೊರಡುತ್ತವೆ, ಕಚ್ಚುವುದಿಲ್ಲ. ಇದನ್ನೆಲ್ಲ ಕೆಳಗಿನ ಮನೆ ಓನರ್ ಆಂಟಿಗೆ ಹೇಳಿ ನೋಡಿ!

ಮಾರಿದವರಿಗೆ ಫೋನ್ ಮಾಡಿದೆ. "ನಮ್ಮ ಪೌಡರ್ ಜಾಸ್ತಿ ಹಾಕಿ ಮೇಡಂ" ಅಂದರು. ಆ ಪ್ಯಾಕೆಟ್ ಮೇಲೆ ಬರೆದಿದ್ದನ್ನು ಆವತ್ತೇ ಸರಿಯಾಗಿ ಓದಿದ್ದು. ಮುಖ್ಯವಾಗಿ ಇದ್ದದ್ದು ತೆಂಗಿನ ನಾರಿನ ಪುಡಿ. ತುಮಕೂರಿನವಳು ನಾರಿನ ಪುಡಿಯನ್ನು ಕೊರಿಯರ್‌ನಲ್ಲಿ ತರಿಸುತ್ತಿದ್ದೆ! ಅತ್ತೆ ಊರಿನ ಹತ್ತಿರ ನಾರು ಮಾಡುವ ಕಡೆಯಿಂದ ಒಂದು ಚೀಲ ತಂದೆವು. ಜೊತೆಗೆ ರಸ್ತೆ ಬದಿಯ ಒಣ ಹೊಂಗೆ ಎಲೆ.

ಗೊಬ್ಬರ ಚೆನ್ನಾಗಿ ಆಗಲು ಸುಮಾರು 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರಬೇಕಂತೆ. ಹಸಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ. ಅಡುಗೆಮನೆಯಲ್ಲಿ ಇದನ್ನೆಲ್ಲ ತೂಗಲು ಆಗುವುದಿಲ್ಲ. ನಾನು ಒಂದು ಬಟ್ಟಲು ಹಸಿಗೆ ಒಂದು ಬಟ್ಟಲು ಒಣದ್ದು ಹಾಕುತ್ತೇನೆ, ವಾರಕ್ಕೆರಡು ಸಲ ಕೋಲಿನಿಂದ ಕೆದಕುತ್ತೇನೆ. ಎರಡನೇ ವರ್ಷದ ಅವರೆಕಾಯಿ ಕಾಲ ಸದ್ದಿಲ್ಲದೆ ಕಳೆಯಿತು.

ಉಳಿದ ಮುದ್ದೆಯನ್ನು ಪುಡಿ ಮಾಡಿಯೇ ಹಾಕಿ. ಇಡಿಯಾಗಿ ಹಾಕಿದ್ದು ತಿಂಗಳಾದರೂ ಒಳಗೆ ಹಾಗೇ ಇತ್ತು, ಮೇಲೆ ಬೂಷ್ಟು ಅಷ್ಟೇ. ಮೂಳೆ, ಜಿಡ್ಡಿನ ಪದಾರ್ಥ ಈಗಲೂ ಗಾಡಿಗೇ.

ತುಂಬಿದ ಮಡಕೆ ಇಳಿಸಲು ಇಬ್ಬರು ಬೇಕು. ಹೋದ ಬೇಸಿಗೆಯಲ್ಲಿ ಕೋತಿ ಮುಚ್ಚಳ ಬೀಳಿಸಿ ಒಡೆಯಿತು. ಬಿಡಿ ಮುಚ್ಚಳ ಕೊಡುವುದಿಲ್ಲವಂತೆ, ಪೂರ್ತಿ ಸೆಟ್ಟೇ ಕೊಳ್ಳಬೇಕಂತೆ. ಈಗ ಕಡಪ ಕಲ್ಲಿನ ತುಂಡು ಮುಚ್ಚಿದ್ದೇನೆ. ಐದಕ್ಕೆ ಮೂರೂವರೆ ಸ್ಟಾರ್. ಮುಚ್ಚಳ ಕೊಟ್ಟಿದ್ದರೆ ನಾಲ್ಕು ಕೊಡುತ್ತಿದ್ದೆ.