ಲ್ಯಾಮಿಂಗ್ಟನ್ ರೋಡಿನಲ್ಲಿ ಪುಟ್ಟ ಪಿಸಿ ಕಟ್ಟಿಸುವವರೇ, 125 ವ್ಯಾಟ್ ಅಂದರೆ ನಂಬಬೇಡಿ

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿ ಡೊಂಬಿವಲಿಯ ಕನ್ನಡದ ಮನೆಯೊಂದಕ್ಕೆ ಕಟ್ಟಿಕೊಟ್ಟ ಪಿಸಿ ಇದು: ಹತ್ತು ಲೀಟರಿನ ಕೇಸು, ಇಂಟೆಲ್‌ನ ಐ7-14700ಕೆ ಪ್ರೊಸೆಸರ್, ಅದನ್ನು ತಣ್ಣಗಿಡಲು 47 ಮಿ.ಮೀ. ಎತ್ತರದ ಕೂಲರ್, ಪಕ್ಕದಲ್ಲಿ ಗಾಜಿನ ಬಾಗಿಲು. ವಿಡಿಯೊ ಎಡಿಟಿಂಗಿಗೆ ಅಂತ ಕೊಂಡದ್ದು. ರೆಂಡರ್ ಹಚ್ಚಿದ ಕೆಲವೇ ಸೆಕೆಂಡಿಗೆ 100 ಡಿಗ್ರಿ. ಆಮೇಲೆ ಚಿಪ್ ತಾನೇ ವೇಗ ಇಳಿಸಿಕೊಂಡು ತೆವಳುತ್ತದೆ, ಫ್ಯಾನ್ ಕಿರುಚುತ್ತಲೇ ಇರುತ್ತದೆ. ಕೇಳಿದರೆ, "ಪ್ರೊಸೆಸರ್ 125 ವ್ಯಾಟ್, ಕೂಲರ್ 130 ವ್ಯಾಟಿಂದು, ಎಲ್ಲ ಸರಿಯಾಗೇ ಇದೆ" ಎಂಬ ಉತ್ತರ. ವಾಪಸ್ ತೆಗೆದುಕೊಳ್ಳಲೂ ಇಲ್ಲ.

ಎಡವಟ್ಟು ಆ 125ರಲ್ಲೇ ಇದೆ. ಅದು ಬೇಸ್ ಪವರ್, ಅಂದರೆ ಚಿಪ್ ಮೂಲ ವೇಗದಲ್ಲಿ ಓಡುವಾಗಿನ ಲೆಕ್ಕ. ವೇಗ ಏರಿಸಿಕೊಂಡಾಗಿನ ಟರ್ಬೊ ಮಿತಿ ಇದೇ ಚಿಪ್ಪಿಗೆ 253 ವ್ಯಾಟ್. ಆ ಮಿತಿಯನ್ನೂ ಬಯಾಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗುಗಳಿರುವ ತಂತ್ರಾಂಶ) ಸಡಿಲಿಸಿಟ್ಟ ಮದರ್‌ಬೋರ್ಡುಗಳು ಬೇಕಾದಷ್ಟಿವೆ. ಇಂಟೆಲ್‌ನ ಎದುರಾಳಿ ಎಎಂಡಿಯಲ್ಲೂ ಹಾಗೇ: ರೈಜನ್ 9 7950ಎಕ್ಸ್‌ಗೆ 170 ಅಂತ ಬರೆದಿದ್ದರೂ 230ರವರೆಗೆ ಎಳೆಯುತ್ತದೆ.

ಇನ್ನು ಆ ಗಾಜು. ಫ್ಯಾನಿಗೂ ಗಾಜಿಗೂ ನಡುವೆ ಕಿರುಬೆರಳೂ ತೂರದ 3 ಮಿ.ಮೀ. ಸಂದಿ. ಹೊರಗಿನ ಗಾಳಿ ಬರಲು ದಾರಿಯಿಲ್ಲದೆ ಫ್ಯಾನ್ ತಾನು ಊದಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಜಾಳಿಗೆಯ ಬಾಗಿಲಾದರೆ ಫ್ಯಾನ್ ಹತ್ತಿರವಿದ್ದಷ್ಟೂ ಒಳ್ಳೆಯದು. ನಡುವಿನ ಸಂದಿಗೆ ಸುತ್ತಲೂ ಫೋಮ್ ಪಟ್ಟಿ ಅಂಟಿಸಿದರೆ ತಣ್ಣನೆಯ ಗಾಳಿ ಮಾತ್ರ ಒಳಬರುತ್ತದೆ.

ನಿಮ್ಮಲ್ಲೂ ಇದೇ ತೊಂದರೆಯೇ ಅಂತ ಪರೀಕ್ಷಿಸಲು ಬಾಗಿಲು ಮುಚ್ಚಿ ಹತ್ತು ನಿಮಿಷ ಸಿನೆಬೆಂಚ್ (ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಪರೀಕ್ಷಾ ತಂತ್ರಾಂಶ) ಓಡಿಸಿ, ಅಳತೆಗಳನ್ನು ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಪ್ಯಾಕೇಜ್ ಪವರ್, ಅಂದರೆ ಚಿಪ್ ಒಟ್ಟು ಎಳೆಯುವ ವ್ಯಾಟ್, ಬರೆದುಕೊಳ್ಳಿ. ಆಮೇಲೆ ಬಾಗಿಲು ತೆಗೆದು ಮತ್ತೆ ಓಡಿಸಿ. ಡಿಗ್ರಿ ನೋಡಬೇಡಿ, ಅದು ಎರಡು ಸಲವೂ 100ಕ್ಕೇ ನಿಂತಿರಬಹುದು. ವ್ಯಾಟ್ ಏರಿತೆಂದರೆ ತೊಂದರೆ ಗಾಳಿಯದು. ಏರದಿದ್ದರೆ ಕೂಲರ್ ಸಾಲದು, ಇಲ್ಲವೇ ಸರಿಯಾಗಿ ಕೂತಿಲ್ಲ. ಬಿಚ್ಚಿ, ಚಿಪ್ಪಿನ ಶಾಖವನ್ನು ಕೂಲರಿಗೆ ದಾಟಿಸುವ ಪೇಸ್ಟ್ ನೋಡಿ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕೀಳದೆಯೇ ಕೂರಿಸಿರುವುದೂ ಉಂಟು.

ಈಗಾಗಲೇ ಕೊಂಡಿದ್ದರೆ ಬಯಾಸ್‌ನಲ್ಲಿ ಪಿಎಲ್1 (ಸತತ ಓಟದ ವ್ಯಾಟ್ ಮಿತಿ), ಪಿಎಲ್2 (ಸ್ವಲ್ಪ ಹೊತ್ತಿನ ಟರ್ಬೊ ಮಿತಿ) ಎರಡನ್ನೂ 95 ವ್ಯಾಟಿಗೆ ಇಳಿಸಿ, 85 ಡಿಗ್ರಿ ದಾಟದಷ್ಟು ಹತ್ತತ್ತು ವ್ಯಾಟ್ ಏರಿಸಿ. ವ್ಯಾಟ್ ಅರ್ಧವಾದರೆ ವೇಗ ಅರ್ಧವಾಗುವುದಿಲ್ಲ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ವೋಲ್ಟೇಜ್ ಜಾಸ್ತಿ ಬೇಕು, ಕರೆಂಟ್ ಸುಡುವುದು ಅಲ್ಲೇ. ಎಎಂಡಿಯಲ್ಲಿ ವಿದ್ಯುತ್ ಉಳಿಸುವ 65 ವ್ಯಾಟಿನ ಇಕೋ ಮೋಡ್ ಹಾಕಿದರೆ 88 ವ್ಯಾಟಿಗೆ ನಿಲ್ಲುತ್ತದೆ. ಇಂಟೆಲ್ 13, 14ನೇ ಪೀಳಿಗೆಯ ಕೆ ಚಿಪ್ ಆದರೆ ಎಲ್ಲಕ್ಕಿಂತ ಮೊದಲು ಬಯಾಸ್ ಅಪ್‌ಡೇಟ್ ಮಾಡಿ; ಅತಿ ವೋಲ್ಟೇಜಿನಿಂದ ಇವು ಹಾಳಾಗುವ ದೋಷಕ್ಕೆ 2024ರಲ್ಲಿ ತಿದ್ದುಪಡಿ ಬಂದಿದೆ.

ಮುಂಬಯಿಯಲ್ಲಿ ಕೇಸಿನ ಧೂಳಿನ ಫಿಲ್ಟರ್ ಮರೆಯಬೇಡಿ. ಸಮುದ್ರದ ತೇವಕ್ಕೆ ಧೂಳು ಹಿಟ್ಟಿನಂತೆ ಅಂಟುತ್ತದೆ, ಬ್ರಶ್ಶಿಗೆ ಬರುವುದಿಲ್ಲ. ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಹೊಸದಾಗಿ ಕಟ್ಟಿಸುವವರು ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ, ಪಿಸಿಯ ಬಾಗಿಲು ಮುಚ್ಚಿ, ಹತ್ತು ನಿಮಿಷ ಸಿನೆಬೆಂಚ್ ಓಡಿಸಿ ತೋರಿಸಲು ಹೇಳಿ. ಅಲ್ಲಿ ಎಸಿ 24ರಲ್ಲಿರುತ್ತದೆ, ಮೇ ತಿಂಗಳಲ್ಲಿ ನಿಮ್ಮ ಕೋಣೆ 33. ಆ ಒಂಬತ್ತು ಡಿಗ್ರಿ ಹೆಚ್ಚುಕಡಿಮೆ ಹಾಗೇ ಚಿಪ್ಪಿಗೂ ಸೇರುತ್ತದೆ. ಅಂಗಡಿಯಲ್ಲೇ 80 ದಾಟಿದರೆ ಕೂಲರ್ ಬದಲಿಸಿಕೊಡಲು ಹೇಳಿ.